ನಾಲ್ಕನೇ ಮಹಡಿಯವರೆಗೆ ಗಂಡು

ನೋವಿ ಸಾದ್
11 ಫೆಬ್ರವರಿ 2019

ಪ್ರೀತಿಯ ವಿಶ್ನ್ಯಾ,

ಈ ಕೈಬರಹದ ಗುರುತು ನಿನಗೆ ಸಿಗುತ್ತದೋ ಇಲ್ಲವೋ. ನಾನು ಮೊಮ್ಚಿಲೊ ಮಲೆತಿನ್, ಲಿಮಾನ್ ಬಡಾವಣೆಯ ಕಂಪ್ಯೂಟರ್ ಕ್ಲಬ್ಬಿನ ಮೊಮಾ. ನಾವು ಮಾತಾಡಿ ಮೂವತ್ಮೂರು ವರ್ಷವಾಯಿತು. ನಿನ್ನ ಫೋನ್ ನಂಬರು ಯಾರಲ್ಲೂ ಸಿಗಲಿಲ್ಲ. ಸೊಂಬೊರ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೀಯ ಎಂದು ನಿನ್ನ ಸೋದರತ್ತೆಯ ಮಗ ಹೇಳಿ ವಿಳಾಸ ಕೊಟ್ಟ. ಇಮೇಲ್ ಇದ್ದರೆ ತಿಳಿಸು, ಕೆಲಸ ಬೇಗ ಆಗುತ್ತದೆ.

ಸುದ್ದಿ ಕೇಳಿದರೆ ಕುಣಿದಾಡುತ್ತೀಯ. ‘ಲಿಫ್ಟ್ ಕೆಟ್ಟಿದೆ’ ಆಟ ಸಿಕ್ಕಿದೆ!

ಹಳೆಯ ಕಂಪ್ಯೂಟರ್ ಆಟಗಳನ್ನು ಹುಡುಕುವವರದೊಂದು ತಾಣ ಇಂಟರ್ನೆಟ್ಟಿನಲ್ಲಿ ಇದೆ. ‘ಚಿಕ್ಕವನಿದ್ದಾಗ ಇಂಥದೊಂದು ಆಟ ಆಡಿದ್ದೆ, ಹೆಸರು ಮರೆತಿದೆ, ಯಾರಿಗಾದರೂ ನೆನಪಿದೆಯೇ’ ಎಂದು ಒಬ್ಬ ಕೇಳುತ್ತಾನೆ, ಮಿಕ್ಕವರು ತಲೆ ಕೆರೆದುಕೊಳ್ಳುತ್ತಾರೆ. ಎಲ್ಲ ನಮ್ಮ ವಯಸ್ಸಿನ ಆಸುಪಾಸಿನವರು. ಹೆಂಡತಿಯ ಹುಟ್ಟಿದ ದಿನ ನೆನಪಿರುವುದಿಲ್ಲ, ಆದರೆ 1986ರಲ್ಲಿ ರೇಡಿಯೋದವರು ಆಟವನ್ನು ಕಿರುಚುವ ಶಬ್ದವಾಗಿ ಪ್ರಸಾರ ಮಾಡಿದಾಗ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಕಂಪ್ಯೂಟರಿಗೆ ಉಣ್ಣಿಸಿ ಆಡಿದ ಆಟದ ಒಂದೊಂದು ಮಾತೂ ಬಾಯಿಪಾಠ. ಅವರಲ್ಲಿ ಒಗ್ನೆನ್ ಪೊಪಾದಿಚ್ ಎಂಬ ಹಲ್ಲಿನ ಡಾಕ್ಟರು, ಕಿಕಿಂದಾದವನು, ‘ಏಳು ಮಹಡಿ, ಕೆಟ್ಟ ಲಿಫ್ಟು, ಕೈಯಲ್ಲಿ ಹಿಟ್ಟಿನ ಚೀಲ’ ಎಂದು ಹನ್ನೊಂದು ವರ್ಷದಿಂದ ಕೇಳುತ್ತಲೇ ಇದ್ದನಂತೆ. ಹೋದ ಅಕ್ಟೋಬರಿನಲ್ಲಿ ಅವನ ಮಾವನ ಅಟ್ಟದಲ್ಲಿ ಕ್ಯಾಸೆಟ್ಟು ಸಿಕ್ಕಿದೆ. ಓಡುತ್ತದೆ! ಮೊದಲ ಪರದೆಯಲ್ಲಿ ನನ್ನ ಹೆಸರಿದ್ದದ್ದರಿಂದ ನನ್ನನ್ನು ಹುಡುಕಿಕೊಂಡು ಬಂದರು. ಮೇ ಹದಿನೆಂಟಕ್ಕೆ ಇಲ್ಲೇ ಪ್ರದರ್ಶನ ಇಟ್ಟಿದ್ದಾರೆ. ವೇದಿಕೆಯಲ್ಲಿ ನನ್ನ ಮಾತು. ಮಗಳೂ ಬರುತ್ತಾಳೆ.

ಒಂದೇ ತೊಡಕು. ಐದನೇ ಮಹಡಿಯನ್ನು ಈವರೆಗೆ ಯಾರೂ ದಾಟಿಲ್ಲ. ಎತೆಲ್ಕಾ ಅತ್ತೆ ಬಾಗಿಲು ತೆರೆದು ‘ಬಂದೆಯಾ ಮಗಳೇ, ಒಳಗೆ ಬಾ’ ಎನ್ನುತ್ತಾಳೆ, ಆದರೆ ಬಾಗಿಲಿಗೆ ಅಡ್ಡ ನಿಂತಿರುತ್ತಾಳೆ. ಉತ್ತರ ಆಟದೊಳಗೆ ಎಲ್ಲೂ ಬರೆದಿಟ್ಟಿಲ್ಲ. ಆಡುವವನು ಟೈಪ್ ಮಾಡಿದ ಪದವೇ ಮೇಲಿನ ಮಹಡಿಯ ಬೀಗಕ್ಕೆ ಕೀಲಿ. ಈ ಉಪಾಯ ನಿನಗೆ ನೆನಪಿರಬೇಕು. ದೊಡ್ಡ ದೊಡ್ಡ ಎಂಜಿನಿಯರುಗಳು ಒಡೆದು ನೋಡಿದರೆ ಬರೀ ಕಸ ಸಿಕ್ಕಿತಂತೆ.

ಇನ್ನೊಂದು ತಮಾಷೆ. ನಾಲ್ಕನೇ ಮಹಡಿಯವರೆಗೆ ಆಟ ನಮ್ಮನ್ನು ಗಂಡೆಂದು ಮಾತಾಡಿಸುತ್ತದೆ, ಐದರಲ್ಲಿ ಇದ್ದಕ್ಕಿದ್ದಂತೆ ಹೆಣ್ಣು! ಈ ತಪ್ಪಿನಿಂದಲೇ ಎಲ್ಲರಿಗೂ ಆಟ ನೆನಪಿರುವುದು. ಎತೆಲ್ಕಾ ಮಾಟಗಾತಿ, ಅವಳ ಶಾಪದಿಂದ ನಾಯಕ ಹೆಣ್ಣಾಗುತ್ತಾನೆ ಎಂದು ದೊಡ್ಡ ವಾದವೇ ಇದೆ. ಲಿಪ್‌ಸ್ಟಿಕ್ ಹಚ್ಚು, ಲಂಗ ತೊಡು, ಹಿಟ್ಟು ನಾದು, ಅಳು, ಎಲ್ಲ ಟೈಪ್ ಮಾಡಿ ನೋಡಿದ್ದಾರೆ ಪಾಪ.

ಆಗ ನೀನು ಬಹಳ ಸಹಾಯ ಮಾಡಿದ್ದೆ. ಬೀಗ ಹಾಕುವ ಮುಂಚಿನ ಮೂಲ ಕ್ಯಾಸೆಟ್ಟು ನಿನ್ನಲ್ಲೇ ಇರಬೇಕು. ಕಳಿಸಿಕೊಡುತ್ತೀಯಾ? ವೇದಿಕೆಯ ಮೇಲೆ ನಿನ್ನ ಹೆಸರನ್ನೂ ಖಂಡಿತ ಹೇಳುತ್ತೇನೆ.

ನಿನ್ನ ಹಳೆಯ ಗೆಳೆಯ,
ಮೊಮಾ


ಸೊಂಬೊರ್
19 ಫೆಬ್ರವರಿ 2019

ಮಾನ್ಯ ಮಲೆತಿನ್ ಅವರಿಗೆ,

ತಮ್ಮ ಪತ್ರ ತಲುಪಿತು. ನನಗೆ ಇಮೇಲ್ ಇದೆ, ಕೊಡುವುದಿಲ್ಲ. ಒಂದು ಗುಂಡಿ ಒತ್ತಿ ಅಳಿಸಿಹಾಕಲಾಗದ ಹಾಗೆ ಇದನ್ನು ತಾವು ಕೈಯಲ್ಲಿ ಹಿಡಿದು ಓದಬೇಕೆಂದು ನನ್ನ ಆಸೆ.

‘ಬಹಳ ಸಹಾಯ ಮಾಡಿದ್ದೆ’ ಎಂದು ಬರೆದಿದ್ದೀರಿ. ಅದನ್ನು ಓದಿ, ಪತ್ರ ಮಡಿಚಿಟ್ಟು, ಗಿರಾಕಿಯ ಪ್ಯಾಂಟಿಗೆ ಜಿಪ್ ಹಾಕಲು ಕೂತೆ. ಸೊಟ್ಟ ಬಂತು. ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ಸೊಟ್ಟ. ಅಂಗಡಿ ಇಟ್ಟ ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಜಿಪ್ಪೂ ಸೊಟ್ಟ ಬಂದಿರಲಿಲ್ಲ.

ನನ್ನ ಸಹಾಯ ಎಷ್ಟು ಎಂದು ನೆನಪು ಮಾಡಿಕೊಡುತ್ತೇನೆ. ಏಳು ತಿಂಗಳು, ಅಮ್ಮನ ಅಡುಗೆಮನೆಯ ಮೇಜಿನ ಮೇಲೆ, ಚಿಕ್ಕಪ್ಪ ಜರ್ಮನಿಯಿಂದ ತಂದುಕೊಟ್ಟ ಪುಟ್ಟ ಕಂಪ್ಯೂಟರಿನಲ್ಲಿ ಆ ಆಟವನ್ನು ಮೊದಲಿಂದ ಕೊನೆಯವರೆಗೆ ನಾನು ಬರೆದೆ. ಆ ಕಟ್ಟಡ ನಮ್ಮ ಕಟ್ಟಡ. ಎತೆಲ್ಕಾ ಅತ್ತೆ ನಮ್ಮ ಮೇಲಿನ ಮನೆಯವರು, ಮಾಟಗಾತಿಯಲ್ಲ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ನಾಲ್ಕನೇ ಮಹಡಿಯ ರಾದಿವೊಯ್ ಮಾವ ಬಸ್ ಓಡಿಸಿ ನಿವೃತ್ತರಾದವರು. ಬೀಗದ ಉಪಾಯವೂ ನನ್ನದೇ. ತಾವು ಮಾಡಿದ್ದು ಬಂದು ಕೂತು, ಕಾಫಿ ಕುಡಿದು, ಆಡಿ ನೋಡಿದ್ದು. ಅದೂ ಮೊದಲ ಮೂರು ಮಹಡಿ. ಅವುಗಳ ಉತ್ತರವನ್ನೂ ನಾನೇ ಹೇಳಿಕೊಟ್ಟಿದ್ದೆ.

ಇನ್ನು ಆ ‘ತಪ್ಪು’. ನಮ್ಮ ಭಾಷೆಯಲ್ಲಿ ‘ನೀನು ಬಂದೆ’ ಎನ್ನಬೇಕಾದರೆ ಗಂಡಿಗೆ ‘ಡೊಶಾವೊ ಸಿ’, ಹೆಣ್ಣಿಗೆ ‘ಡೊಶ್ಲಾ ಸಿ’ ಎಂದು ಮೂರು ವರ್ಷದ ಮಗುವಿಗೂ ಗೊತ್ತು. ಕ್ಲಬ್ಬಿನಲ್ಲಿ ನಲವತ್ತೊಂದು ಹುಡುಗರ ನಡುವೆ ನಾನೊಬ್ಬಳು ಹುಡುಗಿ. ಅಲ್ಲಿದ್ದ ಪ್ರತಿ ಆಟವೂ, ಪ್ರತಿ ಕೈಪಿಡಿಯೂ ನನ್ನನ್ನು ಹುಡುಗ ಎಂದುಕೊಂಡೇ ಮಾತಾಡಿಸುತ್ತಿತ್ತು. ನಾನು ಬರೆದ ಆಟವಾದರೂ ನನ್ನನ್ನು ನೋಡಿ ‘ಡೊಶ್ಲಾ ಸಿ’ ಎನ್ನಲಿ ಎಂದು ಹಾಗೆ ಬರೆದೆ. ಏಳು ಮಹಡಿಗೂ ಬರೆದೆ. ಮೊದಲ ಸಲ ಪರದೆಯ ಮೇಲೆ ಆ ಎರಡು ಪದ ಮೂಡಿದಾಗ ಸಂತೋಷಕ್ಕೆ ಅಳು ಬಂದಿತ್ತು.

ತಾವು ಒಂದು ಶನಿವಾರ ಮಧ್ಯಾಹ್ನ ಕೂತು ಒಂದೊಂದು ‘ಡೊಶ್ಲಾ’ವನ್ನೂ ‘ಡೊಶಾವೊ’ ಮಾಡುತ್ತ ಮೆಟ್ಟಿಲು ಹತ್ತಿದಿರಿ. ನಾಲ್ಕನೇ ಮಹಡಿಯಲ್ಲಿ ನಿಂತಿರಿ. ಯಾಕೆ ನಿಂತಿರಿ ಎಂದು ಆ ವಿದ್ವಾಂಸರಿಗೆ ಹೇಳಿದ್ದೀರಾ? ರಾದಿವೊಯ್ ಮಾವನನ್ನು ದಾಟಲು ತಮಗೆ ಬರಲಿಲ್ಲ. ಉತ್ತರ ಗೊತ್ತಿಲ್ಲ, ಐದನೆಯದರ ಬೀಗ ತೆರೆಯಲಿಲ್ಲ, ಮೇಲಿನದೆಲ್ಲ ನಾನು ಬರೆದ ಹಾಗೇ ಉಳಿಯಿತು. ಒಂಬತ್ತು ವರ್ಷದ ಮಕ್ಕಳು ದಾಟಿದ ಮಹಡಿ ಅದು.

ನನಗೆ ಬೇಕಾದ್ದು ಒಂದೇ. ‘ಈ ಆಟ ಬರೆದವಳು ವಿಶ್ನ್ಯಾ ಗವಾನ್ಸ್ಕಿ, ಅವಳ ಹೆಸರು ಅಳಿಸಿ ನನ್ನದು ಹಾಕಿಕೊಂಡೆ’ ಎಂದು ಆ ತಾಣದಲ್ಲಿ ತಾವೇ ಬರೆಯಬೇಕು. ಅಲ್ಲಿಯವರೆಗೆ ಕ್ಯಾಸೆಟ್ಟಿನ ಮಾತೆತ್ತಬೇಡಿ.

ವಿಶ್ನ್ಯಾ ಗವಾನ್ಸ್ಕಿ


ನೋವಿ ಸಾದ್
27 ಫೆಬ್ರವರಿ 2019

ವಿಶ್ನ್ಯಾ,

ಏನಿದು ‘ತಾವು’, ‘ಮಾನ್ಯ’? ನಾನೇನು ಪುರಸಭೆಯ ಅಧಿಕಾರಿಯೇ? ಒಂದೇ ತಟ್ಟೆಯಲ್ಲಿ ಗಸಗಸೆ ತುಂಬಿದ ಷ್ಟ್ರೂಡ್ಲ ಸಿಹಿ ತಿಂದವರು ನಾವು.

ನೀನು ಸಿಟ್ಟಾಗುತ್ತೀಯ ಎಂದು ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ. ಅವತ್ತು ನಡೆದದ್ದು ಕೇಳು. ಕ್ಯಾಸೆಟ್ಟು ತೆಗೆದುಕೊಂಡು ರೇಡಿಯೋಗೆ ಹೋದೆ. ಆಟಗಳನ್ನು ಪ್ರಸಾರ ಮಾಡುವ ಕಾರ್ಯಕ್ರಮದ ಮುಖ್ಯಸ್ಥ ಎರಡು ನಿಮಿಷ ಆಡಿ, “ಏನಯ್ಯಾ ಇದು, ನನ್ನನ್ನೇ ಹುಡುಗಿ ಅಂತದಲ್ಲ! ಕೇಳೋರೆಲ್ಲ ಹುಡುಗ್ರು. ಸೋಮವಾರ ಫೋನ್ ಮಾಡಿ ಉಗೀತಾರೆ. ಆರು ಗಂಟೆ ಒಳಗೆ ಸರಿ ಮಾಡ್ಕೊಂಡು ಬಾ, ಇಲ್ದಿದ್ರೆ ಬೇರೆ ಹಾಕ್ತೀನಿ” ಎಂದ. ನಾನೇನು ಮಾಡಬೇಕಿತ್ತು? ಆಟ ಪ್ರಸಾರವಾಗಲಿ ಎಂದೇ ಮಾಡಿದೆ. ಹೆಸರೂ ಹಾಗೇ. ಅಲ್ಲಿಯವರಿಗೆ ಗೊತ್ತಿದ್ದವನು ನಾನು, ಫಾರಮ್ಮಿಗೆ ಸಹಿ ಹಾಕಿದವನು ನಾನು. ಬೇಕೆಂದು ಮಾಡಿದ್ದಲ್ಲ, ಕಾಲ ಹಾಗಿತ್ತು.

ಈಗ ಒಂದು ದಾರಿ ಹೇಳುತ್ತೇನೆ. ‘ಮಲೆತಿನ್ ಮತ್ತು ಗವಾನ್ಸ್ಕಿ’ ಎಂದು ಇಬ್ಬರ ಹೆಸರನ್ನೂ ಹಾಕಿಸೋಣ. ನೀನು ಹೇಳಿದ ಆ ವಾಕ್ಯವನ್ನು ಮಾತ್ರ ಬರೆಯಲು ಹೇಳಬೇಡ. ಆ ಆಟದಿಂದಲೇ ನನಗೆ ಪತ್ರಿಕೆಯಲ್ಲಿ ಅಂಕಣ ಸಿಕ್ಕಿದ್ದು, ಅಂಕಣದಿಂದ ಕಂಪನಿ ಆದದ್ದು. ‘ಅಪ್ಪ ಇಪ್ಪತ್ತನೇ ವಯಸ್ಸಿಗೆ ಆಟ ಬರೆದವನು’ ಎಂದು ಮಗಳು ಶಾಲೆಯಲ್ಲಿ ಪ್ರಬಂಧ ಬರೆದಿದ್ದಾಳೆ. ಈಗ ಅವಳ ಮುಂದೆ ಏನೆಂದು ನಿಲ್ಲಲಿ?

ದಯವಿಟ್ಟು ಯೋಚಿಸು.

ಮೊಮಾ


ಸೊಂಬೊರ್
6 ಮಾರ್ಚ್ 2019

ಮೊಮಾ,

‘ನೀನು’ ಎನ್ನು ಎಂದೆಯಲ್ಲ, ಇಗೋ ಎನ್ನುತ್ತೇನೆ. ನೀನು ಕಳ್ಳ. ಮೊದಲು ಕದ್ದೆ, ಈಗ ಕದ್ದದ್ದರಲ್ಲಿ ನನಗೆ ಅರ್ಧ ಕೊಡಲು ಬಂದಿದ್ದೀಯ, ಅದರಲ್ಲೂ ನಿನ್ನ ಹೆಸರು ಮುಂದೆ!

ಆ ಶನಿವಾರ ನಿನ್ನ ಕಡೆ ಏನಾಯಿತು ಎಂದು ಹೇಳಿದೆ. ನಮ್ಮ ಮನೆಯಲ್ಲಿ ಏನಾಯಿತು ಕೇಳು. “ಆರಕ್ಕೆ ನಿನ್ನ ಆಟ ಬರುತ್ತೆ, ರೆಡಿಯಾಗಿರು” ಎಂದು ನೀನೇ ಫೋನ್ ಮಾಡಿದ್ದೆ. ಅಮ್ಮ ಮೆಟ್ಟಿಲಿಗೆ ಹೋಗಿ ಇಡೀ ಕಟ್ಟಡಕ್ಕೆ ಕೂಗಿ ಹೇಳಿದಳು. ಎತೆಲ್ಕಾ ಅತ್ತೆ, ರಾದಿವೊಯ್ ಮಾವ, ಆರನೇ ಮಹಡಿಯ ಬಾಣಂತಿ, ಎಲ್ಲರೂ ಅಡುಗೆಮನೆಯಲ್ಲಿ. ರೇಡಿಯೋ ನಾಲ್ಕು ನಿಮಿಷ ಕಿರುಚಿತು. “ಇದೇನಾ ಆಟ? ನಮ್ಮ ಬೆಕ್ಕೇ ವಾಸಿ” ಎಂದು ಎತೆಲ್ಕಾ ಅತ್ತೆ ಕಿವಿ ಮುಚ್ಚಿಕೊಂಡು ನಕ್ಕರು. ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ, ಕಂಪ್ಯೂಟರಿಗೆ ಹಾಕಿದೆ. ಪರದೆಯಲ್ಲಿ ಬಂತು, ‘ಲಿಫ್ಟ್ ಕೆಟ್ಟಿದೆ. ರಚನೆ ಮೊಮ್ಚಿಲೊ ಮಲೆತಿನ್.’ ಅಮ್ಮನಿಗೆ ಕನ್ನಡಕ ಇರಲಿಲ್ಲ. “ನಿನ್ನ ಹೆಸರು ಎಲ್ಲಿದೆ ತೋರ್ಸೇ” ಎಂದಳು. “ಮುಂದಿನ ಪರದೆಯಲ್ಲಿ ಬರುತ್ತಮ್ಮಾ” ಎಂದೆ. ಮುಂದಿನದು ಬಂತು, ‘ಡೊಶಾವೊ ಸಿ’ ಎಂದಿತು. ರಾದಿವೊಯ್ ಮಾವ ಪರದೆಯ ಹತ್ತಿರವೇ ಕೂತಿದ್ದರು. ಓದಿ, ನನ್ನ ಮುಖ ನೋಡಿ, ಟೋಪಿ ಹಾಕಿಕೊಂಡು ಮೆಲ್ಲಗೆ ಎದ್ದು ಹೋದರು.

ನಾವು ಮಾತಾಡಿ ಮೂವತ್ಮೂರು ವರ್ಷ ಎಂದು ಬರೆದಿದ್ದೀಯ. ಅಲ್ಲ, ಮೂವತ್ತೊಂದು. ಎರಡು ವರ್ಷದ ನಂತರ ಒಂದು ಜವಳಿ ಗಿರಣಿಯಲ್ಲಿ ಪ್ರೋಗ್ರಾಮರ್ ಕೆಲಸಕ್ಕೆ ಹೋಗಿದ್ದೆ. ಏನಾದರೂ ಮಾಡಿದ್ದೀಯಾ ಎಂದು ಕೇಳಿದರು, ಆ ಆಟದ ಹೆಸರು ಹೇಳಿದೆ. ಆ ಮನುಷ್ಯ ಪೆನ್ನು ಕೆಳಗಿಟ್ಟ. “ಅದು ಮಲೆತಿನ್‌ದಲ್ವಾ ತಾಯಿ? ನಮ್ಮ ಹುಡುಗ ಆಡ್ತಾನೆ ಮನೇಲಿ. ಯಾರೋ ಹುಡುಗ ಮಾಡಿದ್ದು ತಂದು ನಂದು ಅಂತೀಯಲ್ಲ, ನಾಚ್ಕೆ ಆಗಲ್ವಾ?” ಎಂದ. ಆಮೇಲೆ ದೊಡ್ಡ ಮನಸ್ಸು ಮಾಡಿ, ಹೊಲಿಗೆ ವಿಭಾಗದಲ್ಲಿ ಜಾಗ ಇದೆ ಎಂದ. ಅಪ್ಪ ಇರಲಿಲ್ಲ, ಅಮ್ಮನಿಗೆ ಮೈ ಸರಿಯಿರಲಿಲ್ಲ. ಸೇರಿದೆ. ಆ ಸಂಜೆ ಗಿರಣಿಯ ಗೇಟಿನ ಹತ್ತಿರದ ಫೋನಿನಿಂದ ನಿನಗೆ ಫೋನ್ ಮಾಡಿ, ಒಂದು ಚೀಟಿ ಬರೆದುಕೊಡು ಎಂದು ಬೇಡಿದೆ. ನೀನು ಏನೆಂದೆ? “ಅದೊಂದು ಆಟ ಕಣೇ. ಯಾಕಿಷ್ಟು ದೊಡ್ದು ಮಾಡ್ತೀಯ?”

ಈಗ ಯಾಕೆ ನೀನು ಅದನ್ನು ದೊಡ್ಡದು ಮಾಡುತ್ತೀಯ ಮೊಮಾ? ಅದೊಂದು ಆಟ ತಾನೆ?

ಮಗಳಿಗೆ ಸುಳ್ಳು ಹೇಳಿದವನು ನೀನು. ಅದು ಹರಿಯದ ಹಾಗೆ ನಾನು ಅಸ್ತರು ಹೊಲಿದುಕೊಡುವುದಿಲ್ಲ. ಕಾಲದ ಮೇಲೆ ಹಾಕಬೇಡ. ಕಾಲಕ್ಕೆ ಕೈ ಇರಲಿಲ್ಲ, ಟೈಪ್ ಮಾಡಿದ್ದು ನಿನ್ನ ಕೈ. ವಾಕ್ಯ ಬರೆಯುತ್ತೀಯೋ ಇಲ್ಲವೋ ಅಷ್ಟು ಹೇಳು.

ವಿಶ್ನ್ಯಾ


ನೋವಿ ಸಾದ್
28 ಮಾರ್ಚ್ 2019

ವಿಶ್ನ್ಯಾ,

ಬರೆದಿದ್ದೇನೆ. ನಿನ್ನ ಹೆಸರು ಈಗ ಆ ತಾಣದಲ್ಲಿದೆ, ಎಲ್ಲರೂ ನೋಡಿದ್ದಾರೆ, ಬಹಳ ಜನ ಮೆಚ್ಚಿ ಬರೆದಿದ್ದಾರೆ. ಇನ್ನಾದರೂ ಸಮಾಧಾನವಾಗು. ಒಗ್ನೆನ್‌ಗೆ ನಿನ್ನ ವಿಳಾಸ ಕೊಟ್ಟಿದ್ದೇನೆ. ಕ್ಯಾಸೆಟ್ಟನ್ನು ಮೇ ಹದಿನೆಂಟರ ಒಳಗೆ ತಲುಪುವ ಹಾಗೆ ಕಳಿಸು.

ಮೊಮಾ


ಕಿಕಿಂದಾ
15 ಏಪ್ರಿಲ್ 2019

ಮಾನ್ಯ ವಿಶ್ನ್ಯಾ ಮೇಡಂ ಅವರಿಗೆ,

ಪರಿಚಯವಿಲ್ಲದವನು ಬರೆಯುತ್ತಿದ್ದೇನೆ, ಕ್ಷಮಿಸಿ. ನಾನು ಒಗ್ನೆನ್ ಪೊಪಾದಿಚ್, ಹಲ್ಲಿನ ವೈದ್ಯ. ‘ಲಿಫ್ಟ್ ಕೆಟ್ಟಿದೆ’ ಆಟವನ್ನು ಹುಡುಕಿದವನು. ಮಲೆತಿನ್ ಅವರು ಹೋದ ತಿಂಗಳು ನಮ್ಮ ತಾಣದಲ್ಲಿ ನಿಮ್ಮ ಬಗ್ಗೆ ಮನಸ್ಸು ತುಂಬಿ ಬರೆದಿದ್ದಾರೆ. ನೀವು ನೋಡಿದ್ದೀರೋ ಇಲ್ಲವೋ, ಹಾಗಾಗಿ ಇಲ್ಲಿ ನಕಲು ಮಾಡುತ್ತಿದ್ದೇನೆ:

‘ಈ ಆಟದ ಹಿಂದಿನ ಸ್ಫೂರ್ತಿ ನನ್ನ ತಾರುಣ್ಯದ ಗೆಳತಿ ವಿಶ್ನ್ಯಾ ಗವಾನ್ಸ್ಕಿ. ಬರೆಯುವಾಗ ಎಷ್ಟೋ ಸಂಜೆ ಜೊತೆಗೆ ಕೂತು ಹುರಿದುಂಬಿಸಿದಳು. ಐದನೇ ಮಹಡಿಯಿಂದ ಆಟ ಹೆಣ್ಣನ್ನು ಮಾತಾಡಿಸುವುದು ತಪ್ಪಲ್ಲ, ಅವಳಿಗೆ ನಾನು ಗುಟ್ಟಾಗಿ ಸಲ್ಲಿಸಿದ ಗೌರವ.’

ಇದನ್ನು ಓದಿ ಎಷ್ಟೋ ಜನರ ಕಣ್ಣು ಒದ್ದೆಯಾಯಿತು, ನನ್ನದೂ. ಆಟ ರೇಡಿಯೋದಲ್ಲಿ ಬಂದಾಗ ನನಗೆ ಒಂಬತ್ತು ವರ್ಷ. ಮೊದಲ ಮೂರು ಮಹಡಿ ಒಂದು ವಾರದಲ್ಲಿ ಹತ್ತಿದೆ. ನಾಲ್ಕನೆಯದಕ್ಕೆ ಇಡೀ ಬೇಸಿಗೆ ಹಿಡಿಯಿತು. ಐದಕ್ಕೆ ಬಂದು ನಿಂತಾಗ ಯಂತ್ರ ನನ್ನನ್ನು ‘ಡೊಶ್ಲಾ ಸಿ’ ಎಂದಿತು. ಅಣ್ಣ ಬಿದ್ದು ಬಿದ್ದು ನಕ್ಕ. “ಅಮ್ಮಾ, ಒಗ್ನೆನ್ ಹುಡುಗಿಯಾದ, ಬಾ ನೋಡು!” ಎಂದು ಕೂಗಿದ. ನಾನು ಅತ್ತುಬಿಟ್ಟೆ, ಅವನಿಗೆ ಹೊಡೆದೆ, ಆದರೆ ಮಾರನೆಯ ದಿನ ಮತ್ತೆ ಆಡಿದೆ. ಮನೆ ಬದಲಿಸಿದಾಗ ಕ್ಯಾಸೆಟ್ಟು ಕಳೆದುಹೋಯಿತು. ದೊಡ್ಡವನಾದ ಮೇಲೂ, ರೋಗಿಯ ಬಾಯೊಳಗೆ ಕೈಯಿಟ್ಟುಕೊಂಡೇ, ಎತೆಲ್ಕಾಗೆ ಏನು ಬೇಕಿತ್ತು ಎಂದು ಯೋಚಿಸುತ್ತ ನಿಂತದ್ದಿದೆ.

ಮಲೆತಿನ್ ಅವರು ಐದನೆಯದರ ಉತ್ತರವನ್ನು ಬಿಟ್ಟುಕೊಡುತ್ತಿಲ್ಲ, ‘ಗುಟ್ಟು ಗುಟ್ಟಾಗಿರಲಿ’ ಎಂದು ನಗುತ್ತಾರೆ. ನೀವಾದರೂ ಅವರ ಮನಸ್ಸು ಒಲಿಸಿ ಕೇಳಿಕೊಡುತ್ತೀರಾ?

ವಂದನೆಗಳೊಂದಿಗೆ,
ಡಾ. ಒಗ್ನೆನ್ ಪೊಪಾದಿಚ್


ಸೊಂಬೊರ್
22 ಏಪ್ರಿಲ್ 2019

ಡಾಕ್ಟರೇ,

ಸ್ಫೂರ್ತಿಯಂತೆ! ನಿಮ್ಮ ಪತ್ರ ಓದಿ ಅಂಗಡಿಯ ಬಾಗಿಲು ಹಾಕಿಕೊಂಡೆ. ಗಿರಾಕಿಗಳು ಬಡಿದು ಬಡಿದು ಹೋದರು.

ನಿಮ್ಮ ಮೇಲೂ ನನಗೆ ಕೋಪವಿದೆ. ಹನ್ನೊಂದು ವರ್ಷ ಹುಡುಕಿದಿರಿ, ಅಕ್ಷರ ಅಕ್ಷರ ನೆನಪಿಟ್ಟುಕೊಂಡಿರಿ, ಲಿಪ್‌ಸ್ಟಿಕ್ ಹಚ್ಚಿ ನೋಡಿದಿರಿ, ಶಾಪ ಮಾಟ ಎಂದು ಪುಟಗಟ್ಟಲೆ ಬರೆದಿರಿ. ನಿಮ್ಮಲ್ಲಿ ಒಬ್ಬರಿಗಾದರೂ, ಇದನ್ನು ಒಬ್ಬ ಹುಡುಗಿ ಬರೆದಿರಬಹುದು ಎಂದು ಹೊಳೆಯಲಿಲ್ಲವೇ? ಮಾಟಗಾತಿ ಹೊಳೆದಳು, ಹುಡುಗಿ ಹೊಳೆಯಲಿಲ್ಲ.

ನಾನು ಸಾಕ್ಷಿ ಹಿಡಿದು ಯಾರ ಬಾಗಿಲಿಗೂ ಬರುವುದಿಲ್ಲ. ಒಮ್ಮೆ ಹೋಗಿ ಆಗಿದೆ. ಮೇ ಹದಿನೆಂಟನೇ ತಾರೀಕು ಆ ಮಹಾಶಯ ವೇದಿಕೆ ಹತ್ತಿದಾಗ ಎಲ್ಲರೆದುರು ಒಂದೇ ಪ್ರಶ್ನೆ ಕೇಳಿ. ಐದನೆಯದಲ್ಲ, ಅದು ಗುಟ್ಟು ಎಂದು ಜಾರಿಕೊಳ್ಳುತ್ತಾನೆ. ನೀವು ಒಂಬತ್ತನೇ ವಯಸ್ಸಿಗೆ ದಾಟಿದ ನಾಲ್ಕನೇ ಮಹಡಿಯನ್ನು ದಾಟುವುದು ಹೇಗೆ ಎಂದು ಕೇಳಿ. ಕೇಳುವ ಧೈರ್ಯ ಇಲ್ಲದಿದ್ದರೆ ನನಗೆ ಮತ್ತೆ ಬರೆಯಬೇಡಿ.

ವಿಶ್ನ್ಯಾ ಗವಾನ್ಸ್ಕಿ


ನೋವಿ ಸಾದ್
20 ಮೇ 2019

ವಿಶ್ನ್ಯಾ,

ಸಂತೋಷವಾಯಿತೇ?

ಇನ್ನೂರು ಜನ ಇದ್ದರು. ಮಗಳು ಮೊದಲ ಸಾಲಿನಲ್ಲಿ ಫೋನ್ ಹಿಡಿದು ಚಿತ್ರ ತೆಗೆಯುತ್ತಿದ್ದಳು. ಅರ್ಧ ಗಂಟೆ ಮಾತಾಡಿದೆ, ಚಪ್ಪಾಳೆ ಬಿತ್ತು. ಆಗ ನಿನ್ನ ಡಾಕ್ಟರು ಎದ್ದು ನಿಂತ. “ಸರ್, ಸಣ್ಣ ಪ್ರಶ್ನೆ. ರಾದಿವೊಯ್ ಮಾವನ್ನ ದಾಟೋದು ಹ್ಯಾಗೆ?” ಎಂದ.

“ಓಹ್, ಅದಾ! ಅವನಿಗೊಂದು ಕಾಫಿ ಕೊಟ್ಟರಾಯ್ತು” ಎಂದೆ. ಸಭೆ ನಕ್ಕಿತು. ತಮಾಷೆ ಎಂದುಕೊಂಡರು. ಅವನು ಕೂರಲಿಲ್ಲ. “ಅಲ್ಲ ಸರ್, ನಿಜವಾಗ್ಲೂ.” “ಒಂದು ಪೆಗ್ ರಾಕಿಯಾ ಕೊಡಬೇಕು” ಎಂದೆ. ಈ ಸಲ ಕಡಿಮೆ ಜನ ನಕ್ಕರು. “ಬಸ್ ಟಿಕೆಟ್” ಎಂದೆ. ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, “ಅಯ್ಯೋ, ಸುಮ್ನೆ ಕೂತು ಅವನ ಕಥೆ ಕೇಳಿಸ್ಕೋಬೇಕು ಕಣ್ರೀ! ನಾನು ಏಳನೇ ಕ್ಲಾಸಲ್ಲಿ ದಾಟಿದ್ದೆ” ಎಂದಳು. ಇಡೀ ಸಭೆಗೆ ಗೊತ್ತಿತ್ತು ವಿಶ್ನ್ಯಾ. ಇನ್ನೂರು ಜನರಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ಆ ಮಧ್ಯಾಹ್ನ ಹೊಡಿ, ತಳ್ಳು, ಓಡು, ದುಡ್ಡು ಕೊಡು, ಎಲ್ಲ ಟೈಪ್ ಮಾಡಿದ್ದೆ. ಕೇಳಿಸಿಕೊಳ್ಳುವುದು ಹೊಳೆಯಲಿಲ್ಲ.

ಮಗಳು ಫೋನ್ ಕೆಳಗಿಳಿಸಿದಳು. ಅದನ್ನು ನೋಡಿ ಮೈಕಿನಲ್ಲಿ ಹೇಳಿಬಿಟ್ಟೆ. ‘ಇದು ನಾನು ಬರೆದದ್ದಲ್ಲ. ವಿಶ್ನ್ಯಾ ಬರೆದದ್ದು, ನಾನು ಕದ್ದೆ.’ ನೀನು ಕೇಳಿದ ವಾಕ್ಯಕ್ಕಿಂತ ಚಿಕ್ಕದೇ ಆಯಿತು. ಮಗಳು ನನ್ನನ್ನು ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋದಳು. ಎರಡು ದಿನದಿಂದ ಮಾತಾಡಿಲ್ಲ.

ಒಂದು ಪತ್ರದಲ್ಲಿ ಆ ಉತ್ತರ ಬರೆದಿದ್ದರೆ ಏನು ಹೋಗುತ್ತಿತ್ತು ನಿನಗೆ? ಇಷ್ಟು ಕ್ರೂರಿ ಎಂದುಕೊಂಡಿರಲಿಲ್ಲ. ಆದರೆ ಇದನ್ನು ಬರೆಯುವಾಗ, ನೀನು ಗಿರಣಿಯ ಗೇಟಿನಿಂದ ಫೋನ್ ಮಾಡಿದ್ದು ನೆನಪಾಗುತ್ತಿದೆ. ಆವತ್ತು ನಾನು ಟಿವಿ ನೋಡುತ್ತಿದ್ದೆ. ಶಬ್ದ ಕೂಡ ಕಡಿಮೆ ಮಾಡಿರಲಿಲ್ಲ.

ಮೊಮ್ಚಿಲೊ


ಕಿಕಿಂದಾ
3 ಜೂನ್ 2019

ವಿಶ್ನ್ಯಾ ಮೇಡಂ,

ನೀವು ಹೇಳಿದ ಪ್ರಶ್ನೆಯನ್ನು ಸಭೆಯಲ್ಲಿ ಕೇಳಿದೆ. ಅಂದು ನಡೆದದ್ದು ನಿಮಗೆ ತಿಳಿದಿರಬಹುದು. ತಾಣದಲ್ಲಿ ಈಗ ‘ಲಿಫ್ಟ್ ಕೆಟ್ಟಿದೆ, 1986, ರಚನೆ ವಿಶ್ನ್ಯಾ ಗವಾನ್ಸ್ಕಿ’ ಎಂದಿದೆ, ಬೇರೆ ಯಾವ ಹೆಸರೂ ಇಲ್ಲ. ಹಿಂದೆ ಇದ್ದ ಹೆಸರು ಹೇಗೆ ಬಂತು ಎಂಬುದನ್ನೂ ಕೆಳಗೆ ಪೂರ್ತಿ ಬರೆದಿದ್ದೇವೆ. ನೀವು ನನ್ನ ಮೇಲೆ ಸಿಟ್ಟಾದದ್ದು ಸರಿ. ಹನ್ನೊಂದು ವರ್ಷದಲ್ಲಿ ನನಗೆ ಹೊಳೆಯಲಿಲ್ಲ, ಅದಕ್ಕೆ ನೆಪ ಹೇಳುವುದಿಲ್ಲ.

ಒಂದು ವಿಷಯ ಹೇಳಲೇಬೇಕು. ಪ್ರದರ್ಶನದಿಂದ ಬಂದ ಮಾರನೆಯ ದಿನ ಮತ್ತೆ ಆಡಲು ಕೂತೆ. ಈ ಸಲ ಮಾಟ ಗೀಟ ಎಲ್ಲ ಬಿಟ್ಟು, ಹದಿನೆಂಟರ ಹುಡುಗಿಯೊಬ್ಬಳು ಹಿಟ್ಟಿನ ಚೀಲ ಹೊತ್ತು ಹೊರಗಿನ ಕೆಸರಿನಿಂದ ಬಂದಿದ್ದಾಳೆ ಎಂದುಕೊಂಡೆ. ನೆಲ ಒರೆಸಿ ಮುಗಿಸಿದ ಅತ್ತೆಯೊಬ್ಬಳು ಬಾಗಿಲಲ್ಲಿ ‘ಬಾ’ ಎಂದರೂ ಅಡ್ಡ ನಿಂತಿದ್ದಾಳೆ. ನನ್ನ ಅಮ್ಮ ಸಾವಿರ ಸಲ ಹೀಗೆಯೇ ನಿಂತಿದ್ದಾಳಲ್ಲ! ‘ಬೂಟು ಬಿಚ್ಚು’ ಎಂದು ಟೈಪ್ ಮಾಡಿದೆ. ಆರನೇ ಮಹಡಿಯ ಬೀಗ ತೆರೆಯಿತು. ಈ ದೇಶದಲ್ಲಿ ಯಾರ ಮನೆಗೆ ಹೋದರೂ ಮೊದಲು ಮಾಡುವ ಕೆಲಸ. ಯೋಚಿಸದೆ ಮಾಡುವುದರಿಂದ ನಮಗ್ಯಾರಿಗೂ ಅದನ್ನು ಟೈಪ್ ಮಾಡಬೇಕೆಂದು ತೋಚಲಿಲ್ಲ. ನಲವತ್ತೆರಡು ವರ್ಷದ ಗಂಡಸು ಕುರ್ಚಿಯಿಂದ ಹಾರಿ ಕೂಗಿಕೊಂಡೆ, ಹೆಂಡತಿ ಓಡಿ ಬಂದಳು.

ಮೊದಲ ನಾಲ್ಕು ಮಹಡಿಗಳ ಮಾತು ನಿಮ್ಮ ಮೂಲದಲ್ಲಿ ಇದ್ದಂತೆ ಬೇಕು, ನಿಮ್ಮ ಕ್ಯಾಸೆಟ್ಟಿನಿಂದ ಪ್ರತಿ ಮಾಡಿಕೊಳ್ಳಲು ಅನುಮತಿ ಕೊಡಿ ಎಂದು ಬೇಡುತ್ತೇನೆ.

ಕೊನೆಗೆ, ಹೇಳಲು ಸಂಕೋಚವಾಗುವ ಸಂಗತಿ. ಹೊಸ ಪ್ರತಿಯಲ್ಲಿ ಆಟದ ಆರಂಭಕ್ಕೆ ‘ಗಂಡೋ ಹೆಣ್ಣೋ’ ಎಂದು ಕೇಳಿ, ಗಂಡಸರನ್ನು ಗಂಡಸರಾಗಿಯೇ ಮಾತಾಡಿಸುವ ಏರ್ಪಾಡು ಮಾಡಿಕೊಡಿ ಎಂದು ತಾಣದ ಹದಿನಾಲ್ಕು ಮಂದಿ ಮನವಿ ಬರೆದಿದ್ದಾರೆ. ಆಡುವಾಗ ‘ಇದು ನನಗೆ ಹೇಳಿದ್ದಲ್ಲ’ ಅನ್ನಿಸಿ ಮನಸ್ಸು ಹತ್ತುವುದಿಲ್ಲವಂತೆ. ನಾನು ಸಹಿ ಹಾಕಿಲ್ಲ. ತಲುಪಿಸುತ್ತೇನೆ ಎಂದು ಮಾತು ಕೊಟ್ಟಿದ್ದರಿಂದ ತಲುಪಿಸಿದ್ದೇನೆ.

ನಿಮ್ಮ ವಿಶ್ವಾಸಿ,
ಒಗ್ನೆನ್


ಸೊಂಬೊರ್
14 ಜೂನ್ 2019

ಒಗ್ನೆನ್ ಅವರಿಗೆ,

ಕ್ಯಾಸೆಟ್ಟನ್ನು ಅಂಚೆಗೆ ಹಾಕುವುದಿಲ್ಲ. ನಿಮ್ಮ ಯಂತ್ರ ಹೊತ್ತುಕೊಂಡು ಅಂಗಡಿಗೆ ಬನ್ನಿ, ನನ್ನ ಕಣ್ಣೆದುರು ಪ್ರತಿ ಮಾಡಿಕೊಂಡು ಹೋಗಿ. ಭಾನುವಾರ ಬಿಟ್ಟು ಯಾವತ್ತಾದರೂ ಸರಿ. ಐದನೆಯದನ್ನು ನೀವೇ ಬಿಡಿಸಿದ್ದು ಓದಿ ನನಗೆ ಸಂತೋಷವಾಯಿತು. ಬಿಡಿಸಬಲ್ಲಿರಿ ಎಂದುಕೊಂಡಿರಲಿಲ್ಲ.

ಮಲೆತಿನ್‌ನ ಪತ್ರಕ್ಕೆ ನಾನು ಉತ್ತರ ಬರೆದಿಲ್ಲ. ಎರಡು ಸಲ ಕೂತೆ. ಕೋಪ ಇಳಿದಿದೆಯೇ ಎಂದು ನೋಡಿಕೊಂಡೆ, ಇಳಿದಿಲ್ಲ. ತಾಣದಲ್ಲಿ ನನ್ನ ಹೆಸರು ನೋಡಿದಾಗ ಹಗುರಾಗುತ್ತದೆ ಎಂದುಕೊಂಡಿದ್ದೆ. ನೋಡಿದೆ. ಹದಿನೆಂಟರ ಹುಡುಗಿಗೆ ಬರಬೇಕಾಗಿದ್ದ ಹೆಸರು ಐವತ್ತೊಂದರ ಹೆಂಗಸಿಗೆ ಬಂದಿದೆ. ಮಧ್ಯದ ವರ್ಷಗಳಲ್ಲಿ ನಾನು ಏನೆಲ್ಲ ಬರೆಯಬಹುದಿತ್ತು ಎಂಬುದನ್ನು ಯಾರ ಅಟ್ಟದಲ್ಲೂ ಹುಡುಕಿ ತೆಗೆಯಲಾಗುವುದಿಲ್ಲ.

ಇನ್ನು ನಿಮ್ಮ ಹದಿನಾಲ್ಕು ಜನ. ಆಗುವುದಿಲ್ಲ ಎಂದು ಹೇಳಿ. ಹಿಂದೊಮ್ಮೆ ಒಬ್ಬ ಅವರಿಗೋಸ್ಕರ ನಾಲ್ಕು ಮಹಡಿ ತಿದ್ದಿಕೊಟ್ಟ, ಸಾಕು. ಏಳು ಮಹಡಿಯೂ ನಾನು ಬರೆದ ಹಾಗೇ ಇರುತ್ತದೆ. ‘ಇದು ನನಗೆ ಹೇಳಿದ್ದಲ್ಲ’ ಅನ್ನಿಸುತ್ತದಂತಲ್ಲ ಅವರಿಗೆ, ಅದು ಎಲ್ಲಿ ಚುಚ್ಚುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಕ್ಲಬ್ಬಿನಲ್ಲಿ ಪ್ರತಿ ಸಂಜೆ, ಪ್ರತಿ ಆಟದಲ್ಲಿ ನನಗೆ ಅಲ್ಲೇ ಚುಚ್ಚುತ್ತಿತ್ತು. ಆದರೂ ಆಡಿದೆ. ಅವರೂ ಆಡಲಿ.

ವಿಶ್ನ್ಯಾ ಗವಾನ್ಸ್ಕಿ